ನಲವತ್ತು ದಿನಗಳ ಉತ್ತರ

ನಾನು ಒಂದು ಗುಂಡಿ ಒತ್ತುವ ಫೋನು. ಯಾವುದೋ ಕಾರ್ಖಾನೆಯಲ್ಲಿ, ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಬೆನ್ನು ಮುಚ್ಚಿದಳು. ಅವಳ ಮುಖ ನೆನಪಿಲ್ಲ. ಬೆರಳುಗಳ ದಣಿವು ನೆನಪಿದೆ. ಮೊದಲು ಬ್ಯಾಡಗಿಯ ಲಾರಿ ಚಾಲಕನೊಬ್ಬನ ಜೇಬಿನಲ್ಲಿದ್ದೆ. ದೊಡ್ಡ ಪರದೆಯ ಫೋನು ಸಿಕ್ಕ ದಿನ ಅವನು ನನ್ನನ್ನು ರಿಪೇರಿ ಅಂಗಡಿಯಲ್ಲಿ ಬಿಟ್ಟುಹೋದ. ಅಲ್ಲಿಂದ ನನ್ನನ್ನು ತಂದವರು ಔಷಧದಂಗಡಿಯ ಅನಸೂಯಾ.

ಈ ಊರಿನ ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು. ಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಹಲವರಿಗೆ ದಮ್ಮು. ಡಾಕ್ಟರು ಅವರಿಗೆ ದಿನಕ್ಕೆರಡು ಸಲ ಸೇದುವ ಪಂಪು ಬರೆದುಕೊಡುತ್ತಿದ್ದರು. ದಮ್ಮು ಬಾರದಂತೆ ತಡೆಯುವ ಔಷಧ ಅದು; ಚೆನ್ನಾಗಿದ್ದ ದಿನವೂ ಸೇದಬೇಕು. ಎರಡು ದಿನ ಎದೆ ಹಗುರಾದರೆ ಸಾಕು, ಹೆಂಗಸರು ಅದನ್ನು ಎತ್ತಿಟ್ಟುಬಿಡುತ್ತಿದ್ದರು. ಅದಕ್ಕೇ ಅನಸೂಯಾ ದಿನಾ ಬೆಳಿಗ್ಗೆ ಏಳಕ್ಕೆ ನನ್ನ ಮೇಲೆ ಬಾಗುತ್ತಿದ್ದರು: ‘ಪಂಪು ಸೇದಿದಿರಾ? ಸೇದಿದ್ದರೆ ಒಂದು ಒತ್ತಿ ಕಳಿಸಿ.’ ಹತ್ತೊಂಬತ್ತು ಜನಕ್ಕೆ, ಹತ್ತೊಂಬತ್ತು ಸಲ. ನನ್ನ ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋದವು.

ಹೆಚ್ಚಿನವರು ಉತ್ತರಿಸುತ್ತಿರಲಿಲ್ಲ. ಫಕ್ಕೀರವ್ವ ಎಂಬುವಳ ನಂಬರಿನಿಂದ ಮಾತ್ರ ನಿಮಿಷದೊಳಗೆ ‘ಒಂದು’ ಬರುತ್ತಿತ್ತು. ಅನಸೂಯಾ ಆಗ ಒಂದು ಗಳಿಗೆ ನಗುತ್ತಿದ್ದರು. ಆ ನಗುವಿಗಾಗಿ ನಾನೂ ಕಾಯುತ್ತಿದ್ದೆ.

ಅವಳು ಪಂಪು ಒಯ್ದ ನಲವತ್ತೊಂದನೆಯ ದಿನ ಮಧ್ಯಾಹ್ನ, ತೊಟ್ಟು ಬಿಡಿಸುವ ಗುಂಪಿನ ಮುಖ್ಯಸ್ಥೆ ದ್ಯಾಮವ್ವ ಆ ಫಕ್ಕೀರವ್ವನನ್ನು ತೋಳು ಹಿಡಿದು ಕರೆತಂದಳು. ಅವಳ ಎದೆ ಸಿಳ್ಳೆ ಹಾಕುತ್ತಿತ್ತು. ಅನಸೂಯಾ ಅವಳನ್ನು ಕೂರಿಸಿ, ಬೇರೊಂದು ಪಂಪಿನಿಂದ ತಕ್ಷಣ ದಮ್ಮು ಇಳಿಸುವ ಔಷಧ ಕೊಟ್ಟು, ಆಸ್ಪತ್ರೆಗೆ ಒಯ್ಯಲು ಆಟೊ ಕರೆಸಿದರು. ಅದು ಬರುವಷ್ಟರಲ್ಲಿ ಅವಳ ಚೀಲದಲ್ಲಿದ್ದ ಪಂಪನ್ನು ತೆಗೆದು ನೋಡಿದರು. ಎಷ್ಟು ಸಲಕ್ಕೆ ಔಷಧ ಉಳಿದಿದೆಯೆಂದು ಅದರ ಬೆನ್ನಿನ ಕಿಂಡಿ ತೋರಿಸುತ್ತದೆ.

“ಎಂಬತ್ತು ಖರ್ಚಾಗಬೇಕಿತ್ತು. ನಾಕ ಆಗ್ಯಾವ. ದಿನಾ ಒಂದು ಒತ್ತಿದೋರು ಯಾರು?”

“ನಾನ್ರಿ ಅಕ್ಕಾರ,” ಎಂದಳು ದ್ಯಾಮವ್ವ. “ಅಕಿ ಹತ್ರ ಫೋನ್ ಎಲ್ಲೈತ್ರಿ? ನನ್ನ ನಂಬರ ಕೊಟ್ಟಾಳ.”

“ಸೇದ್ಯಾಳೋ ಇಲ್ಲೋ ಕೇಳಿದ್ಯಾ?”

“ಇಲ್ಲ ಅಂದ್ರ ನೀವು ಡಾಕ್ಟರಿಗೆ ಹೇಳಿ ಕೆಲಸ ಬಿಡಸ್ತೀರಿ ಅಂತ ಅಂಜಿದ್ನಿರಿ. ಕೆಲಸ ಬಿಟ್ರ ಅಕಿ ಏನ್ ಉಣಬೇಕ್ರಿ?”

“ಅಕಿಗಿ... ಬೈಬ್ಯಾಡ್ರಿ,” ಫಕ್ಕೀರವ್ವನ ಮಾತು ತುಂಡುತುಂಡಾಗಿ ಬಂತು. “ನಾನ... ಉಳಿಸಿಟ್ಟಿದ್ನಿ. ಭಾಳ ಆದಾಗ... ಬೇಕಾಗತೈತಿ ಅಂತ.”

ಅನಸೂಯಾ ಬೈಯಲಿಲ್ಲ. ಆಟೊ ಹೋದ ಮೇಲೆ ನನ್ನನ್ನು ಎತ್ತಿಕೊಂಡು ಆ ಉತ್ತರಗಳನ್ನು ಒಂದೊಂದಾಗಿ ನೋಡಿದರು. ನಲವತ್ತನ್ನೂ ತಂದುಕೊಟ್ಟವನು ನಾನೇ.

ಐದನೆಯ ದಿನ ಫಕ್ಕೀರವ್ವ ಆಸ್ಪತ್ರೆಯಿಂದ ಬಂದಳು. ಅನಸೂಯಾ ದ್ಯಾಮವ್ವನಿಗೆ ಹೇಳಿದರು: “ಕೆಲಸ ಬಿಡಸಾಕ ನಾ ಕೇಳಾಕತ್ತಿಲ್ಲವ್ವಾ. ಅಕಿ ಕೆಲಸ ಮಾಡಬೇಕಂದ್ರನ ಸೇದಬೇಕು. ನಾಳಿಂದ ಒಂದು ಒತ್ತಬ್ಯಾಡ. ಅಕಿ ಸೇದುವಾಗ ಫೋನ್ ಹಚ್ಚು, ನಾ ಕೇಳ್ತೀನಿ.”

ಮರುದಿನ ಏಳಕ್ಕೆ ನಾನು ಬಡಿದುಕೊಂಡೆ.

“ಕುಂತಾಳ್ರಿ ಅಕ್ಕಾರ, ಮಾರಿ ಗಂಟ ಹಾಕ್ಕೊಂಡು!”

“ನಿನ್ನ ಬಾಯಿಗೂ ಒಂದು ಮುಚ್ಚಳ ಹಾಕ್ಸಬೇಕಿತ್ತ ನೋಡ,” ಎಂದಿತು ಹಿಂದಿನಿಂದ ಫಕ್ಕೀರವ್ವನ ದನಿ.

ಆಮೇಲೆ ‘ಸ್’ ಎಂಬ ಸದ್ದು. ಆಮೇಲೆ ಏನೂ ಇಲ್ಲ. ಔಷಧ ಎದೆಗಿಳಿಯಲು ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಅನಸೂಯಾ ಬೆರಳು ಮಡಿಚುತ್ತ ಕಾದರು. ದ್ಯಾಮವ್ವ ಕೂಡ ಸುಮ್ಮನಿದ್ದಳು. ಉತ್ತರವೇ ಬಾರದ ಬೆಳಗುಗಳ ಮೌನ ನನಗೆ ಚೆನ್ನಾಗಿ ಗೊತ್ತು; ಇದು ಅದಲ್ಲ. ಹತ್ತನೆಯ ಬೆರಳಿಗೆ ಆ ಕಡೆಯಿಂದ ಹಿಡಿದ ಉಸಿರು ಹೊರಬಂದ ಸದ್ದು ಕೇಳಿತು.

ಈಗ ನನ್ನ ಬ್ಯಾಟರಿ ಊದಿಕೊಂಡಿದೆ, ಬೆನ್ನು ಮುಚ್ಚುವುದಿಲ್ಲ. ಅವಧಿ ಮೀರಿದ ಗುಳಿಗೆಗಳ ಜೊತೆ ಡ್ರಾಯರಿನಲ್ಲಿ ಮಲಗಿದ್ದೇನೆ. ಮೇಲಿರುವ ಹೊಸ ಫೋನು ಎಲ್ಲರಿಗೂ ಒಂದೇ ಸಲಕ್ಕೆ ಸಂದೇಶ ಕಳಿಸುತ್ತದೆ. ನಾನು ಹೊತ್ತು ತಂದ ಸಾವಿರಾರು ‘ಒಂದು’ಗಳಲ್ಲಿ ನಿಜವೆಷ್ಟು, ನನಗೆ ತಿಳಿಯದು. ತಿಳಿಯುವ ಆಸೆಯೂ ಬತ್ತಿದೆ. ಆದರೂ ಏಳು ಗಂಟೆಗೆ ಮೇಲೆ ದ್ಯಾಮವ್ವನ ಕರೆ ಬಂದು, ಮಾತು ನಿಂತು ಅಂಗಡಿ ಸ್ತಬ್ಧವಾದಾಗ, ನಾನೂ ಹತ್ತರವರೆಗೆ ಎಣಿಸುತ್ತೇನೆ.