ಬಾರದ ಎರಡನೇ ಕರೆ

ಲುಸ್ ದಾರಿ ಎಂಬ ನನ್ನ ಅಕ್ಕನಿಗೆ ಆಸ್ಪತ್ರೆಯಿಂದ ಎರಡನೇ ಸಲ ಕರೆ ಬರಲಿಲ್ಲ.

ಮನೆಯವರೆಲ್ಲ ಅದನ್ನೇ ಹಬ್ಬ ಮಾಡಿಕೊಂಡೆವು. ಮೆಡೆಯಿನ್ ನಗರದ ಮೇಲಿನ ಬೆಟ್ಟಗಳಲ್ಲಿ ನಮ್ಮಂಥ ಕೆಲವು ಮನೆತನಗಳ ರಕ್ತದಲ್ಲೇ ಮರೆವಿನ ರೋಗವಿದೆ. ಡಾಕ್ಟರು ಅಲ್ಝೈಮರ್ ಅನ್ನುತ್ತಾರೆ, ನಾವು ಮಂಕು ಅನ್ನುತ್ತೇವೆ. ನಲವತ್ತೈದರ ಸುಮಾರಿಗೆ ಶುರು, ಅರವತ್ತರೊಳಗೆ ಮಣ್ಣು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ಅರ್ಧ ಜನಕ್ಕೆ ಬರುತ್ತದೆ. ನಮ್ಮಮ್ಮನಿಗಿತ್ತು.

ನಗರದ ಆಸ್ಪತ್ರೆಯವರು ತೋಳಿಗೆ ಸೂಜಿ ಚುಚ್ಚಿ, ಕೊಳವೆಯಂಥ ಯಂತ್ರದಲ್ಲಿ ಮಲಗಿಸಿ ಮಿದುಳಿನ ಚಿತ್ರ ತೆಗೆಯುತ್ತಾರೆ. ಮರೆವು ಬರುವ ಹತ್ತು ಹದಿನೈದು ವರ್ಷ ಮುಂಚೆಯೇ ಕೊಳೆ ಕಟ್ಟಿದ ಜಾಗ ಅದರಲ್ಲಿ ಕೆಂಪಗೆ ಕಾಣುತ್ತದೆ. ಆದರೆ ಯಾರದು ಕೆಂಪು ಅಂತ ಹೇಳುವುದಿಲ್ಲ. ಇದು ಸಂಶೋಧನೆ, ಚಿಕಿತ್ಸೆಯಲ್ಲ ಅನ್ನುತ್ತಾರೆ. ನಾವೂ ಒಪ್ಪಿ ಸಹಿ ಹಾಕಿದವರೇ. ಮಧ್ಯಾಹ್ನ ಕಾಳಿನ ಸಾರು, ಅನ್ನ ಹಾಕಿ ಬಸ್ಸು ಹತ್ತಿಸುತ್ತಾರೆ.

ಹೇಳದಿದ್ದರೆ ಊರು ಸುಮ್ಮನಿರುತ್ತದೆಯೇ? ತಾನೇ ಒಂದು ಲೆಕ್ಕ ಹಾಕಿಕೊಂಡಿತು. ಎರಡನೇ ಚಿತ್ರಕ್ಕೆ ಕರೆದರೆ ಮಂಕು ಇದೆ, ಕರೆಯದಿದ್ದರೆ ಇಲ್ಲ. ಒಫೇಲಿಯಾ ಚಿಕ್ಕಮ್ಮನನ್ನು ನಾಲ್ಕು ಸಲ ಕರೆದರು. ನಲವತ್ತಾರಕ್ಕೆ ಆಕೆ ತನ್ನ ಮನೆಯ ಬಾಗಿಲನ್ನೇ ತಟ್ಟಿ ‘ಯಾರಿದ್ದೀರಮ್ಮ ಒಳಗೆ’ ಅಂದಳು. ಊರಿಗೆ ಅಷ್ಟು ಸಾಕ್ಷಿ ಸಾಕಾಯಿತು.

ಅಕ್ಕ ಚಿತ್ರ ತೆಗೆಸಿದ್ದು ಮೂವತ್ತಕ್ಕೆ. ಮದುವೆ ಬೇಡ, ಈ ರಕ್ತ ನನ್ನ ಜೊತೆಗೇ ಮುಗೀಲಿ ಅನ್ನುತ್ತಿದ್ದಳು. ನಾಲ್ಕು ವರ್ಷ ಕಾದಳು, ಕರೆ ಬರಲಿಲ್ಲ. ಹಾಲಿನ ಜೀಪು ಓಡಿಸುವ ಹಿಲ್ದಾರ್ದೊನನ್ನು ಮದುವೆಯಾದಳು. ಎರಡು ಹೆಣ್ಣು ಹೆತ್ತಳು.

ನಲವತ್ತೆರಡಕ್ಕೆ, ಒಂದು ಬೆಳಿಗ್ಗೆ, ರೊಟ್ಟಿ ಹಿಟ್ಟಿಗೆ ಮೂರು ಸಲ ಉಪ್ಪು ಹಾಕಿದಳು. ಮಾರನೇ ದಿನ ಚಿಕ್ಕವಳನ್ನು ಸಂತೆಯಲ್ಲಿ ಬಿಟ್ಟು ಬಂದಳು. ಆ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ನರ್ಸ್ ಅಂಪಾರೊ ನನ್ನ ಜೊತೆ ಓದಿದವಳು, ನಮ್ಮ ಬೀದಿಯವಳು.

“ಇವಳನ್ನ ಯಾಕೆ ಮತ್ತೆ ಕರೀಲಿಲ್ಲ?” ಅಂದೆ.

ಫೈಲು ತೆಗೆದಳು. “ಕರೆದಿದೀವಲ್ಲೋ. ಒಂಬತ್ತು ಸಲ. ಪ್ರತಿಸಲಾನೂ ಯಾವನೋ ಕೋಳಿ ಅಂಗಡಿಯವನು ಎತ್ತಿದಾನೆ. ನಂಬರಲ್ಲಿ ಒಂದಂಕಿ ತಪ್ಪಾಗಿದೆ.”

“ಮಂಕು ಇರೋರನ್ನ ಮಾತ್ರ ಅಲ್ವಾ ಕರೆಯೋದು?”

“ಹಂಗಂತ ಯಾರು ಹೇಳಿದ್ದು? ಇರೋರು, ಇಲ್ದೇ ಇರೋರು, ಎಲ್ರನ್ನೂ ಕರೀತೀವಿ. ಯಾರೂ ಊಹೆ ಮಾಡಬಾರದು ಅಂತಲೇ.”

“ಅದನ್ನ ಊರಿಗೆ ಬಂದು ಹೇಳೋಕೆ ನಿಂಗೆ ಬಾಯಿರಲಿಲ್ವಾ? ಅವಳ ಮದುವೇಲಿ ಹಂದಿ ಮಾಂಸ ತಿನ್ನೋಕೆ ಇತ್ತಲ್ಲ.”

“ಊರು ಹಂಗೆ ಲೆಕ್ಕ ಹಾಕಿದೆ ಅಂತ ನನ್ನ ಹತ್ರ ಯಾರು ಅಂದ್ರು? ಚಿತ್ರದ ಮೇಲೂ ಹೆಸರಿರಲ್ಲ ಕಣೋ, ಬರೀ ಗುರುತಿನ ಸಂಖ್ಯೆ. ಯಾವುದು ಯಾರದು ಅಂತ ಡಾಕ್ಟ್ರಿಗೆ ಮಾತ್ರ ಗೊತ್ತು, ನಂಗೂ ಗೊತ್ತಿರಲಿಲ್ಲ.”

ಅಷ್ಟರಲ್ಲಿ ಡಾಕ್ಟರ್ ಅರಿಸ್ತಿಸಾಬಲ್ ಬಂದರು. ಅಕ್ಕನಿಗೆ ಒಂದು ಗಂಟೆ ಪ್ರಶ್ನೆ ಕೇಳಿದರು. ಆಮೇಲೆ ಪರದೆ ನಮ್ಮ ಕಡೆ ತಿರುಗಿಸಿದರು.

“ಲಕ್ಷಣ ಶುರುವಾಗಿದೆಯಲ್ಲ, ಈಗ ತೋರಿಸಬಹುದು.”

ಹನ್ನೆರಡು ವರ್ಷ ಹಳೆಯ ಚಿತ್ರ. ಹಣೆಯ ಹಿಂದೆ ಕೆಂಪು, ಪಕ್ಕಗಳಲ್ಲೂ ಕೆಂಪು.

“ಅವತ್ತೇ ಗೊತ್ತಿತ್ತು ನಿಮಗೆ,” ಅಂದೆ.

“ನೋಡಪ್ಪ, ಗೊತ್ತಾಗಿ ನೇಣು ಹಾಕ್ಕೊಂಡೋರಿದಾರೆ. ಅದಕ್ಕೇ ಈ ನಿಯಮ.”

“ಗೊತ್ತಾಗದೆ ಮಕ್ಕಳು ಹೆತ್ತೋರಿದಾರೆ ಡಾಕ್ಟ್ರೇ. ಅವರಿಗೆ ಯಾವ ನಿಯಮ?”

ಅವರು ಕನ್ನಡಕ ಒರೆಸಿದರು. ಇವತ್ತು ಯಂತ್ರ ಖಾಲಿಯಿದೆ, ಇನ್ನೊಂದು ಚಿತ್ರ ತೆಗೆದರೆ ಸಂಶೋಧನೆಗೆ ಬಹಳ ಉಪಯೋಗ ಅಂತ ಅಕ್ಕನ ಮುಂದೆ ಕಾಗದ ಇಟ್ಟರು. ಅಕ್ಕ ಅದನ್ನು ಓದಲೂ ಇಲ್ಲ.

“ನೆನಪಿದ್ದಾಗ ಹೇಳಲಿಲ್ಲ, ಮರೆಯೋ ಹೊತ್ತಿಗೆ ಹೇಳ್ತೀರಿ. ಒಳ್ಳೇ ಜನ. ನೀವೇ ಮಲಕ್ಕೊಳ್ಳಿ ಅದರೊಳಗೆ,” ಅಂದಳು. ಎದ್ದು ತಪ್ಪು ಬಾಗಿಲ ಕಡೆ ನಡೆದಳು. ಕೈ ಹಿಡಿದು ತಿರುಗಿಸಿದೆ.

ಡಿಸೆಂಬರಿಗೆ ಅಕ್ಕ ಗಂಡನ ಹೆಸರು ಮರೆತಳು. ಮುಂದಿನ ವರ್ಷ ನನ್ನದು, ಆಮೇಲೆ ದೊಡ್ಡ ಮಗಳದು, ಕೊನೆಗೆ ಚಿಕ್ಕವಳದು. ನಾಲ್ಕು ಹೆಸರು. ಅವತ್ತೇ ಹೇಳಿದ್ದರೆ ಅವಳಿಗೆ ಮರೆಯಲು ನನ್ನದೊಂದೇ ಇರುತ್ತಿತ್ತು.