ಹಿತ್ತಿಲ ಗೋಡೆಯ ಪುಟ್ಟ ಕೊಡೆಗಳು

ಲಾಂಡ್ರಿಯ ಹಿಂಭಾಗದ ಓಣಿಗೆ ಮೂಗು ಮುಚ್ಚಿಕೊಳ್ಳದೆ ಕಾಲಿಟ್ಟವರಿಲ್ಲ. ಅಲ್ಲಿನ ಚರಂಡಿಯಲ್ಲಿ ಬಟ್ಟೆಯ ಜುಂಗು, ಯಾರ್ಯಾರದೋ ಕೂದಲು, ಸೋಪಿನ ಕೆನೆ ಎಲ್ಲವೂ ಬೆರೆತು ಬೂದುಬಣ್ಣದ ಲೋಳೆಯಾಗಿ ಮಡುಗಟ್ಟಿತ್ತು. ಅದರ ಮೇಲಿನ ಇಟ್ಟಿಗೆ ಗೋಡೆಗೆ ತಣ್ಣೀರಿನ ಕೊಳಾಯಿಯೊಂದು ವರ್ಷಗಳಿಂದ ತೊಟ್ಟಿಕ್ಕುತ್ತಿತ್ತು. ಆ ತೊಟ್ಟನ್ನೇ ನಂಬಿಕೊಂಡು, ಹಾವಸೆಯ ದೂರದ ನೆಂಟನಂಥ ಸಸ್ಯವೊಂದು ಗೋಡೆಗೆ ಅಂಟಿ ಬದುಕಿತ್ತು. ಕಾಂಡವಿಲ್ಲ, ಹೂವಿಲ್ಲ, ಬರೀ ಹಸಿರು ನಾಲಿಗೆಗಳು. ಲಿವರ್‌ವರ್ಟ್ ಎಂಬುದು ಅದರ ಕುಲದ ಹೆಸರು. ಅದಕ್ಕೇ ಆದ ಹೆಸರನ್ನು ಇನ್ನೂ ಯಾರೂ ಇಟ್ಟಿರಲಿಲ್ಲ.

ಇಡುವುದಾದರೂ ಹೇಗೆ? ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಮಾತ್ರ ಒಂದೆರಡು ಕಡೆ ಸಿಕ್ಕಿತ್ತು; ಹೆಣ್ಣನ್ನೂ ನೋಡದೆ ಇದು ಹೊಸ ಜಾತಿಯೆಂದು ಹೇಳುವಂತಿರಲಿಲ್ಲ. ಹೆಣ್ಣನ್ನು ಮೊದಲು ಕಂಡವಳು ಲಾಂಡ್ರಿಯವನ ತಂಗಿ; ಕಂಡದ್ದು ಈ ಗೋಡೆಯ ಮೇಲೆ, ಅಂಗೈಯಗಲ ಜಾಗದಲ್ಲಿ, ಗುಂಡುಸೂಜಿಯಂಥ ಪುಟ್ಟ ಕೊಡೆಗಳನ್ನು ಬಿಚ್ಚಿ ನಿಂತಿದ್ದಾಗ. ಸಸ್ಯಶಾಸ್ತ್ರ ಓದಿ, ಹಗಲೆಲ್ಲ ಗೋಡೆಗೆ ಮುಖವೊಡ್ಡಿ ಕೂರುತ್ತಿದ್ದ ಅವಳಿಗೆ ಅಣ್ಣ ಇಟ್ಟ ಹೆಸರು ಪಾಚಿರಾಣಿ.

"ಕೊಳಾಯಿ ರಿಪೇರಿ ಮಾಡಿಸ್ತೀನಿ ಅಂದ್ರೆ, ಕೊಲೆ ಮಾಡ್ತೀನಿ ಅಂದ ಹಾಗೆ ನೋಡ್ತಾಳಪ್ಪ," ಎಂದು ಅವನು ಗೊಣಗುತ್ತಿದ್ದ. ಆದರೂ ಮಾಡಿಸಿರಲಿಲ್ಲ.

ಅವಳ ಕರೆಗೆ, ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ್ದ ಪ್ರೊಫೆಸರು ತಾವೇ ಬಂದರು. ಅಳಿಯುತ್ತಿರುವ ಸಸ್ಯಗಳ ಉಳಿವಿಗಾಗಿ ವೇದಿಕೆಗಳ ಮೇಲೆ ಗದ್ಗದಿತರಾಗುತ್ತಿದ್ದ ಹಿರಿಯರು. ಕರವಸ್ತ್ರವನ್ನು ಮೂಗಿಗೊತ್ತಿಕೊಂಡು ಓಣಿಯನ್ನು ಹೊಕ್ಕರು.

"ಥೂ, ಏನಮ್ಮ ಈ ಕೊಚ್ಚೆ. ಸರಿ, ನಾನು ನಿಧಾನವಾಗಿ ನೋಡ್ತೀನಿ. ನೀನು ಹೋಗಿ ಒಂದು ಲೋಟ ಟೀ ತಾ."

ಟೀ ಕುದಿಯುವಷ್ಟರಲ್ಲಿ ದೊಪ್ಪನೆ ಸದ್ದಾಯಿತು. ಅವಳು ಓಡಿಬಂದಾಗ ಪ್ರೊಫೆಸರು ಚರಂಡಿಯಲ್ಲಿ ಕೂತಿದ್ದರು. ಕೋಟಿನ ತುಂಬ ಲೋಳೆ, ಗಡ್ಡದಲ್ಲಿ ಯಾರದೋ ಉದ್ದನೆಯ ಕೂದಲು. ಅತ್ತಿಗೆ ಅವರನ್ನು ಎಬ್ಬಿಸಿ ಒಳಗೆ ಕರೆತಂದು, ಯಾರೋ ಒಗೆಯಲು ಕೊಟ್ಟು ಮರೆತಿದ್ದ ಪ್ಯಾಂಟನ್ನು ತೊಡಲು ಕೊಟ್ಟಳು. ಕೋಟನ್ನು ಎರಡು ಬೆರಳಲ್ಲಿ ಹಿಡಿದು ಯಂತ್ರದತ್ತ ನಡೆದಳು.

ಜೇಬು ತಡವದೆ ಯಾವ ಬಟ್ಟೆಯನ್ನೂ ನೀರಿಗೆ ಹಾಕಬಾರದೆಂಬುದು ಅತ್ತಿಗೆಯ ಕಾನೂನು. ಹಿಂದೊಮ್ಮೆ ಒಂದು ಪೆನ್ನು ಹೋಟೆಲೊಂದರ ಹಾಸಿಗೆ ಬಟ್ಟೆಗಳನ್ನೆಲ್ಲ ನೀಲಿ ಮಾಡಿದಂದಿನಿಂದ, ಅವಳ ಕೈ ಕೇಳದೆಯೇ ಜೇಬಿಗಿಳಿಯುತ್ತಿತ್ತು. ಕೋಟಿನ ಒಳಜೇಬಿನಿಂದ ಅಚ್ಚುಕಟ್ಟಾಗಿ ಮಡಿಸಿದ ಕಾಗದದ ಪೊಟ್ಟಣ ಬಂತು. ಬಿಚ್ಚಿ ನೋಡಿ, ನಾದಿನಿಯನ್ನು ಮೆಲ್ಲನೆ ಕರೆದಳು.

"ಬಾ ಇಲ್ಲಿ. ನಿಮ್ಮ ಮೇಷ್ಟ್ರ ಜೇಬಲ್ಲಿ ನಮ್ಮನೆ ಗೋಡೆ ಇದೆ."

ಪಾಚಿರಾಣಿ ಪೊಟ್ಟಣವನ್ನು ಹಿಡಿದೇ ಹಿತ್ತಿಲಿಗೆ ಓಡಿದಳು. ಗಂಡು ಗಿಡಗಳು ಹಾಗೇ ಇದ್ದವು. ಕೊಡೆಗಳಿದ್ದಲ್ಲಿ ಚಾಕು ಎಳೆದ ಗೀರುಗಳು, ಬೆತ್ತಲೆ ಇಟ್ಟಿಗೆ. ಒಂದೂ ಉಳಿದಿರಲಿಲ್ಲ. ಇಷ್ಟು ದಿನ ಈ ಚರಂಡಿಯ ಪಕ್ಕ ಕೂತು ಊಟದ ಡಬ್ಬಿ ಬಿಚ್ಚಿದವಳಿಗೆ ಈಗ ಮೊದಲ ಬಾರಿಗೆ ಹೇಸಿಗೆಯಾಯಿತು.

"ಎಲ್ಲಾನೂ ಕೆರೆದುಬಿಟ್ರಲ್ಲ ಸಾರ್. ಹೆಣ್ಣಿಲ್ದೆ ಇದರ ವಂಶ ಬೆಳೆಯೋದು ಹೇಗೆ?"

ಹಿಂದೆಯೇ ಬಂದಿದ್ದ ಪ್ರೊಫೆಸರು ಹಿಡಿಯಷ್ಟು ಸಡಿಲವಾಗಿದ್ದ ಪ್ಯಾಂಟನ್ನು ಸೊಂಟದ ಬಳಿ ಬಿಗಿಹಿಡಿದೇ ನಕ್ಕರು. "ನೋಡಮ್ಮ, ಒಣಗಿಸಿದ ಮಾದರಿ ಇಲ್ದೆ ಹೆಸರಿಲ್ಲ, ಹೆಸರಿಲ್ದೆ ರಕ್ಷಣೆ ಇಲ್ಲ. ನಾಳೆ ನಿಮ್ಮಣ್ಣ ಕೊಳಾಯಿ ಸರಿಮಾಡಿಸಿದ್ರೆ ಯಾವ ಕಾನೂನು ತಡೆಯುತ್ತೆ? ಬೇಕಾದ್ರೆ ನಿನ್ನ ಹೆಸರೇ ಇಡೋಣ."

"ಹೆಸರಿಗೆ ಒಂದು ಸಾಕಲ್ವಾ? ಮಿಕ್ಕಿದ್ದು ಯಾಕೆ?"

"ಬೇರೆ ಸಂಗ್ರಹಾಲಯದವರೂ ಕೇಳ್ತಾರೆ. ಕೊಟ್ರೆ ಅವರ ಹತ್ತಿರ ಇರೋದು ನಮಗೂ ಸಿಗುತ್ತೆ."

ಹುಡುಗರು ಗೋಲಿ ಬದಲಾಯಿಸಿಕೊಂಡಂತೆ! ಅವಳು ಪೊಟ್ಟಣದ ಗಿಡಗಳನ್ನು ಒದ್ದೆ ಬಟ್ಟೆಯ ಮೇಲೆ ಹರಡಿದಳು. ಮಣ್ಣು ಕೂಡಿದ್ದ ತುಣುಕುಗಳನ್ನು ಒಂದೊಂದಾಗಿ ಇಟ್ಟಿಗೆಯ ಸಂದಿಗೆ ಒತ್ತಿ ಕೂರಿಸಿದಳು. ಹಿಡಿಯಬಹುದು, ಹಿಡಿಯದಿರಬಹುದು. ಕೊನೆಗೆ ಚಾಕುವಿಗೆ ಸಿಕ್ಕಿ ಸೀಳಿಹೋಗಿದ್ದ ಒಂದು ಕೊಡೆ ಉಳಿಯಿತು. ಅದು ಇನ್ನು ಬದುಕುವಂತಿರಲಿಲ್ಲ. ಹೆಸರಿಲ್ಲದೆ ರಕ್ಷಣೆಯಿಲ್ಲವೆಂಬ ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದೇ ಅವಳಿಗೆ ಇನ್ನಷ್ಟು ಹೇಸಿಗೆಯಾದದ್ದು. ಆ ಸೀಳಿದ ಕೊಡೆಯನ್ನು ಕಾಗದದಲ್ಲಿಟ್ಟು ಅವರಿಗೆ ಕೊಟ್ಟಳು.

"ನೀವು ಮುರಿದದ್ದು ನಿಮಗೇ ಇರಲಿ ಸಾರ್. ಹೆಸರು ಇದಕ್ಕೇ ಇಡಿ. ನನ್ನದು ಬೇಡ."

ಅವರು ನಾಚಲಿಲ್ಲ. ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, "ಅಂಚು ಸ್ವಲ್ಪ ಹರಿದಿದೆ, ಚಿತ್ರಕ್ಕೆ ಚೆನ್ನಾಗಿ ಬರಲ್ಲ," ಎಂದರು.

ಬಾಗಿಲಲ್ಲಿ ಅತ್ತಿಗೆ ಕೋಟನ್ನು ದೂರಕ್ಕೆ ಹಿಡಿದು ನಿಂತಿದ್ದಳು. "ಇದನ್ನ ಒಗೀಲೋ ಬೇಡ್ವೋ?"

"ಬೇಡ ಅತ್ತಿಗೆ," ಎಂದಳು ಪಾಚಿರಾಣಿ. "ಹಾಗೇ ಕೊಟ್ಟು ಕಳಿಸಿ."