ಬದುವಿನ ಕಡೆಯ ಸೊಪ್ಪು

ನೂರು ಚಿಟ್ಟೆಗಳ ಮೊಟ್ಟೆಯಿಂದ ಬಂದ ಚಾಕಿ ಮರಿಹುಳುವಿಗೆ ಐದು ಸಾವಿರ, ಹುಳುಮನೆ ತೊಳೆಯುವ ಔಷಧಿಗೂ ಸುಣ್ಣಕ್ಕೂ ಒಂದು ಸಾವಿರ, ಸೊಪ್ಪು ಕೊಯ್ಯುವ ಆಳಿಗೆ ದಿನಕ್ಕೆ ಐನೂರು. ಕೋಡಿಹಳ್ಳಿ ಕಡೆಯ ರೇಷ್ಮೆ ಬೆಳೆಗಾರ ಬಾಲರಾಜುವಿಗೆ ಒಂದು ಬೆಳೆಗೆ ಬೀಳುವ ಖರ್ಚು ಇದು. ಹುಳು ಕೈಹಿಡಿದರೆ ಎಂಬತ್ತು ಕೆಜಿ ಗೂಡು. ಇಲ್ಲದಿದ್ದರೆ ಎಲ್ಲ ತಿಪ್ಪೆಗೆ.

ಅವನ ಹಿಪ್ಪುನೇರಳೆ ತೋಟದ ಬದುವಿನಾಚೆ ಅಂಕಯ್ಯನ ಟೊಮೆಟೊ ಹೊಲ. ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ, ಅದನ್ನು ತಿಂದ ಹುಳು ಉಳಿಯುವುದಿಲ್ಲ. ಹಾಗಾಗಿ ಔಷಧಿ ಹೊಡೆಯುವ ಮುಂಚೆ ಪಕ್ಕದವರ ಮನೆಗೆ ಹೋಗಿ ಹೇಳಿ ಬರುವುದು ಆ ಕಡೆಯ ಪದ್ಧತಿ. ಅಂಕಯ್ಯ ಹೇಳಲು ಬಂದರೆ ಅರ್ಧ ಗಂಟೆ ಕೂರುತ್ತಿದ್ದ. ಅದು ಬೇಸರವಾಗಿ ಬಾಲರಾಜುವೇ, ಇಷ್ಟಕ್ಕೆಲ್ಲ ಯಾಕೆ ನಡೆದು ಬರುತ್ತೀಯಣ್ಣ, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡು ಎಂದಿದ್ದ.

ಈ ಸಲ ಔಷಧಿ ಹೊಡೆಯುವ ಹಿಂದಿನ ದಿನ ಅಂಕಯ್ಯ ತನ್ನ ಮಗಳು ಸುಮನಾಳಿಂದ ಟೈಪ್ ಮಾಡಿಸಿ ಗ್ರೂಪಿಗೆ ಹಾಕಿದ. ಆ ದಿನ ಅದೇ ಗ್ರೂಪಿನಲ್ಲಿ ಬಾಲರಾಜು, ಬಸ್ಸು ಡೈರಿ ಮುಂದೆ ನಿಲ್ಲಬೇಕೋ ಶಾಲೆ ಮುಂದೆ ನಿಲ್ಲಬೇಕೋ ಎಂದು ಅದೇ ಊರಿನ ಮನೋಹರನ ಜೊತೆ ಜಗಳಕ್ಕೆ ಬಿದ್ದಿದ್ದ. ನಡುವೆ ಹೂವಿನ ಚಿತ್ರ, ಶುಭೋದಯ, ಹುಟ್ಟುಹಬ್ಬದ ಹಾರೈಕೆ ಸುರಿಯುತ್ತಿದ್ದವು. ಅವನ ಕಣ್ಣು ಹುಡುಕುತ್ತಿದ್ದದ್ದು ಮನೋಹರನ ಹೆಸರೊಂದನ್ನೇ. ಉಳಿದದ್ದನ್ನು ಹೆಬ್ಬೆರಳು ಮೇಲಕ್ಕೆ ತಳ್ಳುತ್ತಿತ್ತು.

ಕಡೆಯ ಸಲ ಪೊರೆ ಕಳಚಿದ ಹುಳುವಿಗೆ ಹಸಿವು ಜಾಸ್ತಿ. ಅಂಕಯ್ಯ ಔಷಧಿ ಹೊಡೆದ ಮಾರನೆಯ ದಿನ ಬಾಲರಾಜು ಬದುವಿನ ಕಡೆಯ ಸೊಪ್ಪು ಕೊಯ್ದು ಅರ್ಧ ಹುಳುಗಳಿಗೆ ಹಾಕಿದ. ಉಳಿದವಕ್ಕೆ ಕೊಯ್ದು ತರುವಷ್ಟರಲ್ಲಿ ತಿಂದ ಹುಳುಗಳು ತಲೆ ಒದರುತ್ತ ಹಸಿರು ಕಕ್ಕುತ್ತಿದ್ದವು.

ಅವನು ಫೋನೆತ್ತಿ ಗ್ರೂಪಿಗೆ ವಾಯ್ಸ್ ಮೆಸೇಜು ಹಾಕಿದ. "ಅಂಕಯ್ಯ ಅನ್ನೋನು ನನ್ ಹುಳಕ್ಕೆ ವಿಷ ಇಕ್ಬುಟ್ಟ. ಹೇಳಕ್ಕೆ ಬಾಯಿ ಇರ್ನಿಲ್ವಾ ಅವ್ನಿಗೆ? ಇಂಥೋನ್ನ ಊರಲ್ಲಿ ಮಡಿಕಂಡಿದ್ದೀರಲ್ಲ."

ಬುದ್ಧಿ ಬಂದಾಗಿನಿಂದ ಅವನು ಅಣ್ಣ ಎಂದೇ ಕರೆದ ಮನುಷ್ಯ ಅಂಕಯ್ಯ. ಹತ್ತಾರು ಜನ ಅಂಕಯ್ಯನನ್ನು ಬೈದು ಬರೆದರು. ಮನೋಹರನೂ ಬಾಲರಾಜುವಿನ ಪರ ನಿಂತ.

ಅದನ್ನು ಕೇಳಿದ ಅಂಕಯ್ಯ ತನ್ನ ಭಾವಮೈದನ ತೋಟದಿಂದ ಬೈಕಿನ ತುಂಬ ಸೊಪ್ಪು ಕಟ್ಟಿಕೊಂಡು ಬಂದು ಹುಳುಮನೆ ಮುಂದೆ ನಿಲ್ಲಿಸಿದ. ಹೇಳದೆ ಹೊಡೆದು ಈಗ ಸೊಪ್ಪು ತಂದೆಯಾ ಎಂದು ಬಾಲರಾಜು ಮುಖ ತಿರುಗಿಸಿದ.

"ಗ್ರೂಪ್ಗೆ ಹಾಕ್ಸಿದ್ನಲ್ಲೋ ಬಾಲರಾಜ. ನೀನೇ ತಾನೆ ಅಂಗ್ ಮಾಡು ಅಂದಿದ್ದು. ನೋಡ್ನಿಲ್ವಾ?"

ಬಾಲರಾಜುವಿನ ಹೆಂಡತಿ ಶಿವಲಿಂಗಮ್ಮ ಫೋನು ಕಿತ್ತುಕೊಂಡು ಹುಡುಕಿದಳು. ಗಂಡನ ಬಸ್ಸಿನ ಜಗಳವೆಲ್ಲ ಮೂವರ ಕಣ್ಣೆದುರು ಹಾದುಹೋಯಿತು. ಅವನದೇ ಎರಡು ಬೈಗುಳಗಳ ನಡುವೆ ಅಂಕಯ್ಯನ ಮಾತಿತ್ತು: ಬಾಲರಾಜ, ನಾಳೆ ಟೊಮೆಟೊಗೆ ಔಷಧಿ, ಬದುವಿನ ಕಡೆ ಸೊಪ್ಪು ಕೊಯ್ಯಬೇಡ.

"ನಿಮ್ ಹೆಸ್ರೇ ಬರ್ದವ್ರೆ ಕಣ್ರೀ," ಎಂದಳು.

ಬಾಲರಾಜು ನೆಲ ನೋಡುತ್ತ, ತಪ್ಪಾಯಿತಣ್ಣ ಎಂದ. ಅಂಕಯ್ಯ ಸೊಪ್ಪಿನ ಹೊರೆ ಇಳಿಸುತ್ತಿದ್ದ.

"ಇಲ್ಲಿ ಮೆತ್ತಗೆ ಹೇಳ್ತೀಯ. ನೀ ಬೈದಿದ್ನ ನನ್ ಮಗ್ಳು ಗ್ರೂಪಲ್ಲಿ ಕೇಳ್ಬುಟ್ಟವ್ಳೆ. ಅಲ್ಲೇ ಹೇಳು."

ಬಾಲರಾಜು ಫೋನು ಬಾಯಿಯ ಹತ್ತಿರ ಹಿಡಿದ. ಬಸ್ಸಿಗಾಗಿ ದಿನವಿಡೀ ಬಡಿದಾಡಿದವನು ಮೊದಲ ಸಲ ಹೇಳಿದ್ದನ್ನು ಕಳಿಸದೆ ಅಳಿಸಿದ. ಕೊನೆಗೆ, ತಪ್ಪು ನಂದು, ಅಣ್ಣ ಮುಂಚೆಯೇ ಹೇಳಿದ್ದ, ನಾನು ನೋಡಲಿಲ್ಲ ಎಂದ. ಬೈದು ಬರೆದಿದ್ದವರು ಅದರ ಕೆಳಗೆ ಮತ್ತೆ ಹೂವಿನ ಚಿತ್ರ ಹಾಕತೊಡಗಿದರು.

ಅಂಕಯ್ಯ ತಂದ ಸೊಪ್ಪಿನಿಂದ ಅರ್ಧ ಬೆಳೆ ಉಳಿಯಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ನಲವತ್ತು ಕೆಜಿ ತೂಗಿತು. ಅಂಕಯ್ಯ ಈಗಲೂ ಬಾಲರಾಜುವನ್ನು ಮಾತಾಡಿಸುತ್ತಾನೆ. ಸುಮನಾ ಮಾತಾಡಿಸುವುದಿಲ್ಲ.